ಆಯಿಲ್ ಕುಡಿಯಬೇಕಾದ ಎಂಜಿನ್

ಆ ಕಾರನ್ನು ಮೊದಲ ದಿನವೇ ಗೇಟಿನಿಂದಾಚೆ ಕಳಿಸಬೇಕಿತ್ತು. ಕಳಿಸಲಿಲ್ಲ. ಅದರ ಮಾಲೀಕ ಇಳಿದವನೇ ನನ್ನನ್ನು ದಾಟಿಕೊಂಡು ಹೋಗಿ, ಲೇತಿನ ಮುಂದೆ ನಿಂತಿದ್ದ ನನ್ನ ಮೇಸ್ತ್ರಿಯನ್ನು "ಓನರ್ ಇಲ್ವಾ?" ಎಂದು ಕೇಳಿದ. ಮೇಸ್ತ್ರಿ ನನ್ನ ಕಡೆ ಕೈ ತೋರಿಸಿದ. ಮಾಲೀಕ ನನ್ನ ಸೀರೆ, ಅದರ ಮೇಲಿನ ಖಾಕಿ ಕೋಟು, ಗ್ರೀಸು ಮೆತ್ತಿದ ಕೈ ಎಲ್ಲವನ್ನೂ ಒಮ್ಮೆ ನೋಡಿ, "ಅಲ್ಲ, ಎಂಜಿನ್ ಕೆಲಸ ಮಾಡೋರು ಯಾರು ಅಂತ ಕೇಳ್ದೆ" ಎಂದ.

"ನಾನೇ ಮಾಡೋದು. ಗಾಡಿಗೆ ಏನಾಗಿದೆ ಹೇಳಿ" ಎಂದೆ. ಇವನ ಗಾಡಿ ಸರಿ ಮಾಡಿ ಇವನ ಬಾಯಿ ಮುಚ್ಚಿಸಬೇಕು ಅನ್ನುವ ಹಟ ಆಗಲೇ ತಲೆಗೆ ಹೊಕ್ಕಿತ್ತು. ಮುಂದೆ ಆದದ್ದಕ್ಕೆಲ್ಲ ಆ ಹಟವೇ ಮೂಲ.

ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನ ಶೆಡ್ಡು. ಎಂಜಿನ್ ಬಿಚ್ಚಿ, ಸವೆದ ಸಿಲಿಂಡರ್ ಕೊರೆದು ಬೋರ್ ಮಾಡಿ, ಜೋಡಿಸಿಕೊಡುವುದು ನಮ್ಮ ಕೆಲಸ. ಮಾಲೀಕ ಗೋಕುಲಂನವನು, ಯೋಗ ಕಲಿಯಲು ಬರುವ ಫಾರಿನ್‌ನವರಿಗೆ ಎರಡು ಮನೆ ಬಾಡಿಗೆಗೆ ಬಿಟ್ಟು ಆರಾಮಾಗಿರುವ ಆಸಾಮಿ. ಗಾಡಿ ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರು, ಒಳಗಿರುವುದು ರೋಟರಿ ಎಂಜಿನ್. ಬಾಡಿಗೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿಸುವುದು ಅವನ ಶೋಕಿ. ತೊಳೆಯುವುದು, ಪೆಟ್ರೋಲ್ ಹಾಕಿಸುವುದು, ಆಯಿಲ್ ನೋಡಿಕೊಳ್ಳುವುದು ಮಾತ್ರ ಡ್ರೈವರ್ ಪಾಲು. ಡ್ರೈವರ್ ಅರವತ್ತರ ಹತ್ತಿರದವರು, ವರುಣಾ ಕಡೆಯ ಬೇಸಾಯಗಾರರ ಮನೆಯಿಂದ ಬಂದವರು. ಅವತ್ತು ಅವರು ಕಾರಿನ ಹಿಂದೆ ಕೈಕಟ್ಟಿ ನಿಂತಿದ್ದರು.

"ಆಯಿಲ್ ತಿನ್ನುತ್ತೆ. ಹಿಂದಿನಿಂದ ಹೊಗೆ ಬರುತ್ತೆ. ಒಂದು ಹನಿ ಆಯಿಲ್ ಕಮ್ಮಿ ಆಗಬಾರದು, ಹಂಗೆ ಮಾಡಿಕೊಡಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಬೆಂಗಳೂರಿಗೆ ಕಳಿಸ್ತೀನಿ" ಎಂದ ಮಾಲೀಕ.

ಆಗುತ್ತೆ ಎಂದೆ. ಅದುವರೆಗೆ ನಾನು ರೋಟರಿ ಎಂಜಿನ್ನನ್ನು ಕೈಯಿಂದ ಮುಟ್ಟಿರಲಿಲ್ಲ. ಪುಸ್ತಕದಲ್ಲಿ ಓದಿದ್ದು ಮಾತ್ರ ಗೊತ್ತಿತ್ತು. ಇದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ, ವಾಲ್ವ್ ಇಲ್ಲ. ನಡು ಹಿಸುಕಿದ ಮೊಟ್ಟೆಯಾಕಾರದ ಕೋಣೆಯೊಳಗೆ ಬದಿ ಉಬ್ಬಿದ ತ್ರಿಕೋನವೊಂದು ಸುತ್ತುತ್ತದೆ, ಅದೇ ರೋಟರ್. ಅದರ ಮೂರು ಮೂಲೆಗಳೂ ಸದಾ ಗೋಡೆಗೆ ತಾಗಿಕೊಂಡೇ ಇರುವುದರಿಂದ ಮೂರು ಬದಿಗೆ ಮೂರು ಖಾನೆಗಳಾಗುತ್ತವೆ. ರೋಟರ್ ತಿರುಗಿದಂತೆ ಪ್ರತಿ ಖಾನೆಯೂ ಹಿಗ್ಗುತ್ತದೆ, ಕುಗ್ಗುತ್ತದೆ. ಪೆಟ್ರೋಲು ಗಾಳಿ ಎಳೆದುಕೊಳ್ಳುವುದು, ಒತ್ತುವುದು, ಉರಿಯುವುದು, ಹೊಗೆ ದೂಡುವುದು ನಾಲ್ಕೂ ಒಂದು ಸುತ್ತಿನೊಳಗೆ ಮುಗಿಯುತ್ತವೆ. ಅಷ್ಟರಲ್ಲಿ ನಡುವಿನ ಶಾಫ್ಟು ಮೂರು ಸುತ್ತು ಬಂದಿರುತ್ತದೆ.

ಹೋಗಿ ಬಂದು ಕುಟ್ಟುವ ತೂಕ ಯಾವುದೂ ಇಲ್ಲದ್ದರಿಂದ ಇದು ನಡುಗುವುದಿಲ್ಲ. ಎಷ್ಟು ತುಳಿದರೂ ಏರುತ್ತಲೇ ಹೋಗುತ್ತದೆ. ಅದರ ಶಕ್ತಿಗೆ ಹೋಲಿಸಿದರೆ ಗಾತ್ರ ಏನೇನೂ ಅಲ್ಲ. ಕೆಟ್ಟ ಗುಣಗಳೂ ಇವೆ. ಉರಿಯುವ ಜಾಗ ಉದ್ದಕ್ಕೆ, ತೆಳ್ಳಗೆ ಹರಡಿಕೊಂಡಿರುವುದರಿಂದ ಬೆಂಕಿ ಮೂಲೆಮೂಲೆಗೆ ಮುಟ್ಟುವುದಿಲ್ಲ, ಪೆಟ್ರೋಲು ದಂಡವಾಗುತ್ತದೆ. ಕೋಣೆಯ ಒಂದು ಪಕ್ಕ ಸದಾ ಉರಿ, ಇನ್ನೊಂದು ಪಕ್ಕ ಸದಾ ತಣ್ಣಗೆ. ರೋಟರಿನ ಪ್ರತಿ ಮೂಲೆಯಲ್ಲೂ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ, ಮೂಲೆ ಸೀಲು. ಅದು ಗೋಡೆಯನ್ನು ಸವರಿಕೊಂಡೇ ಓಡಬೇಕು. ಎಂಜಿನ್ನಿನ ಪ್ರಾಣ ಇರುವುದು ಆ ಪಟ್ಟಿಯಲ್ಲಿ.

ಇಷ್ಟೆಲ್ಲ ಗೊತ್ತಿದ್ದವಳಿಗೆ ಆ ಪಟ್ಟಿಗೆ ಎಣ್ಣೆ ಎಲ್ಲಿಂದ ಬರುತ್ತದೆ ಎಂದು ಯೋಚನೆ ಬರಲಿಲ್ಲ ನೋಡಿ. ಬಾನೆಟ್ ಎತ್ತಿದಾಗ ಎಂಜಿನ್ನಿನ ಮುಂಭಾಗದಲ್ಲಿ ಚಿಕ್ಕದೊಂದು ಪಂಪು, ಅದರಿಂದ ಹೊರಟ ನಾಲ್ಕು ಸಪೂರ ಪೈಪುಗಳು ಕಂಡವು. ಒಂದನ್ನು ಬಿಚ್ಚಿ ಎಂಜಿನ್ ತಿರುಗಿಸಿದೆ. ತೊಟ್ಟು ತೊಟ್ಟಾಗಿ ಆಯಿಲ್ ಬಂತು. ಆ ಆಯಿಲ್ ನೇರ ಉರಿಯುವ ಕೋಣೆಗೇ ಹೋಗುತ್ತಿತ್ತು. ನಮ್ಮ ಪಿಸ್ಟನ್ ಲೋಕದಲ್ಲಿ ಆಯಿಲ್ ಉರಿಯುವ ಜಾಗಕ್ಕೆ ಹೋಯಿತೆಂದರೆ ಪಿಸ್ಟನ್ ರಿಂಗು ಹೋಗಿದೆ, ವಾಲ್ವ್ ಗೈಡು ಸವೆದಿದೆ, ಎಂಜಿನ್ ಬಿಚ್ಚಿ ರಿಪೇರಿ ಮಾಡುವ ಕಾಲ ಬಂದಿದೆ ಎಂದರ್ಥ. ಆಯಿಲ್ ತಿನ್ನುವ ಎಂಜಿನ್ ಅಂದರೆ ರೋಗ. ನಲವತ್ತು ಜನ ಮೆಕ್ಯಾನಿಕ್‌ಗಳನ್ನು ಸಾಲಾಗಿ ನಿಲ್ಲಿಸಿ ಕೇಳಿದರೂ ಅದನ್ನೇ ಹೇಳುತ್ತಾರೆ. ರೋಗದ ಬೇರು ಸಿಕ್ಕಿತು ಅಂದುಕೊಂಡೆ.

ಆಗ ಡ್ರೈವರ್ ಹತ್ತಿರ ಬಂದು ಬಗ್ಗಿ ನೋಡಿ, "ಅಮ್ಮಾವ್ರೆ, ಈ ಗಾಡಿ ಆಯಿಲ್ ಕುಡೀಲೇಬೇಕಂತೆ. ಮೊದ್ಲು ಇದ್ನ ಮಡಿಕೊಂಡಿದ್ದೋರ ಡ್ರೈವರ್ರು ಏಳಿದ್ರು. ತಿಂಗ್ಳಿಗೊಂದು ಲೀಟ್ರು ಹಾಕ್ತಾ ಇರಿ ಅಂದ್ರು" ಎಂದರು.

"ನೀವು ಸ್ಟೇರಿಂಗ್ ನೋಡ್ಕೊಳ್ಳಿ, ಎಂಜಿನ್ ನಾನು ನೋಡ್ಕೋತೀನಿ" ಎಂದೆ. ಮಾಲೀಕ ನಕ್ಕ. ಮೊದಲ ಸಲ ಅವನು ನನ್ನ ಮಾತಿಗೆ ನಕ್ಕಿದ್ದು. ಹೇಳಿಕೊಳ್ಳಲು ನಾಚಿಕೆ, ನನಗೆ ಅದು ಖುಷಿಯಾಯಿತು.

ಲೇತಿನಲ್ಲಿ ನಾನೇ ನಿಂತು ಹಿತ್ತಾಳೆಯ ನಾಲ್ಕು ಡಮ್ಮಿ ಮಾಡಿದೆ. ಬೇಡದ ತೂತು ಮುಚ್ಚುವ ಬಿರಡೆಗೆ ನಮ್ಮಲ್ಲಿ ಡಮ್ಮಿ ಅನ್ನುತ್ತಾರೆ. ಅಡಿಗೆ ತಾಮ್ರದ ವಾಷರ್ ಕೊಟ್ಟು ಪಂಪಿನ ನಾಲ್ಕೂ ಬಾಯಿ ಬಿಗಿದೆ. ಹೊಗೆ ನಿಂತಿತು. ಹದಿನೈದು ದಿನದ ಮೇಲೆ ಮಾಲೀಕ ಫೋನ್ ಮಾಡಿ, "ಒಂದು ಹನಿ ಇಳಿದಿಲ್ಲ ಮೇಡಂ, ಪರವಾಗಿಲ್ಲ ನೀವು" ಎಂದ. ಆ 'ಪರವಾಗಿಲ್ಲ'ವನ್ನು ನಾನು ಮೇಸ್ತ್ರಿಗೆ ಎರಡು ಸಲ ಹೇಳಿದೆ.

ಎರಡು ತಿಂಗಳಿಗೆ ಕಾರು ಹಗ್ಗ ಕಟ್ಟಿಸಿಕೊಂಡು ಬಂತು. ಬೆಟ್ಟದ ಅರ್ಧದಲ್ಲಿ ಶಕ್ತಿ ಬಿದ್ದುಹೋಗಿ, ಆರಿಸಿದ ಮೇಲೆ ಮತ್ತೆ ಸ್ಟಾರ್ಟ್ ಆಗಿರಲಿಲ್ಲ. ಮಾಲೀಕನ ಮುಖ ಕೆಂಪಾಗಿತ್ತು. ಅವನು ಬೆಂಗಳೂರಿನ ಯಾರೋ ತಿಳಿದವರಿಗೆ ಫೋನ್ ಮಾಡಿ, ಮೂಲೆ ಸೀಲು ಹೋಗುವುದು ಆಯಿಲ್ ಸಾಲದೆ ಅಥವಾ ಕೆಟ್ಟ ಆಯಿಲ್‌ನಿಂದ ಎಂದು ಕೇಳಿಕೊಂಡಿದ್ದ. ಅಷ್ಟು ಸಾಕಾಗಿತ್ತು ಅವನಿಗೆ.

"ಫಾರಿನ್ ಆಯಿಲ್ ತರಿಸಿ ಇವನ ಕೈಗೆ ಕೊಟ್ಟಿದ್ದೆ ಕಣ್ರೀ. ಅದನ್ನ ಮಾರ್ಕೊಂಡು ಯಾವುದೋ ಕೊಳಕು ಆಯಿಲ್ ಸುರಿದಿದ್ದಾನೆ. ಬಿಚ್ಚಿ ನೋಡಿ, ಇದ್ದದ್ದು ಇದ್ದಂಗೆ ನಿಮ್ಮ ಲೆಟರ್‌ಹೆಡ್ಡಲ್ಲಿ ಬರೆದುಕೊಡಿ. ಸ್ಟೇಷನ್ನಿಗೆ ಕೊಡ್ತೀನಿ. ಅಲ್ಲೀವರೆಗೂ ಕೆಲಸದಿಂದ ಬಿಡಿಸಲ್ಲ, ಬಿಡಿಸಿದ್ರೆ ಓಡಿಹೋಗ್ತಾನೆ."

ಡ್ರೈವರ್ ಅಲ್ಲೇ ನಿಂತಿದ್ದರು. "ನಾನು ಒಂದ್ ತೊಟ್ಟು ಮುಟ್ಟಿಲ್ಲ. ಆಯಿಲ್ ಇಳೀಲೇ ಇಲ್ಲ, ಇನ್ನೆಲ್ಲಿ ಉಯ್ಯದು" ಎಂದರು, ಅಷ್ಟೆ. ಆ ಮಾತು ಕೇಳಿದಾಗಲೇ ನನ್ನ ನಾಲ್ಕು ಡಮ್ಮಿ ನೆನಪಾದವು. ಆದರೆ ಬಿಚ್ಚುವ ಮೊದಲೇ ನಿರ್ಧಾರಕ್ಕೆ ಬರಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೊದಲು ಕಂಪ್ರೆಷನ್, ಅಂದರೆ ಖಾನೆಯೊಳಗೆ ಎಷ್ಟು ಒತ್ತಡ ನಿಲ್ಲುತ್ತದೆ ಎಂದು ನೋಡಿದೆ. ನಮ್ಮ ಮಾಮೂಲಿ ಗೇಜು ಇದಕ್ಕೆ ಸುಳ್ಳು ಹೇಳುತ್ತದೆ. ಒಂದು ರೋಟರಿಗೆ ಮೂರು ಖಾನೆ, ಗೇಜು ಮೂರರಲ್ಲಿ ಹೆಚ್ಚಿನದನ್ನು ಹಿಡಿದುಕೊಂಡು ನಿಂತುಬಿಡುತ್ತದೆ. ಹಾಗಾಗಿ ಅದರೊಳಗಿನ ಒತ್ತಡ ಹಿಡಿಯುವ ಚಿಕ್ಕ ವಾಲ್ವನ್ನು ತೆಗೆದು, ಗೇಜನ್ನು ಸ್ಪಾರ್ಕ್ ಪ್ಲಗ್ ಜಾಗಕ್ಕೆ ಹಾಕಿ, ಸ್ಟಾರ್ಟರ್ ಹೊಡೆದು ಮುಳ್ಳಿನ ಕುಣಿತ ನೋಡಿದೆ. ಈ ಎಂಜಿನ್ನಿಗೆ ಮುಂದೊಂದು ಹಿಂದೊಂದು ಎರಡು ರೋಟರ್. ಮುಂದಿನದರಲ್ಲಿ ಮುಳ್ಳು ಮೂರು ಸಲವೂ ಒಂದೇ ಎತ್ತರಕ್ಕೆ ಹಾರಿತು. ಹಿಂದಿನದರಲ್ಲಿ ಒಂದು ಸಲ ಹಾರಿ ಎರಡು ಸಲ ಸೋತು ಬಿತ್ತು. ಒಂದು ಮೂಲೆ ಸೀಲು ಹೋದರೆ ಅದರ ಎರಡೂ ಪಕ್ಕದ ಖಾನೆಗಳು ಸೋರುತ್ತವೆ. ಬಿಚ್ಚದೆ ಬೇರೆ ದಾರಿ ಇರಲಿಲ್ಲ.

ಎಂಜಿನ್ನನ್ನು ಚೈನ್ ಬ್ಲಾಕಿನಲ್ಲಿ ಎತ್ತಿದಾಗ ಮೇಸ್ತ್ರಿ, "ಇಷ್ಟೇನಾ ಅಕ್ಕ? ಬರೀ ಗೇರ್ ಬಾಕ್ಸ್ ಬಂತೇನೋ ಅಂದ್ಕೊಂಡೆ" ಎಂದ. ಚಿಕ್ಕದಾದರೇನು, ಕಾಟ ದೊಡ್ಡದು. ಫ್ಲೈವೀಲ್ ಹಿಡಿದಿದ್ದ ನಟ್ಟು ಅಂಗೈ ಅಗಲ ಇತ್ತು, ಅದಕ್ಕೆ ಕೂರುವ ಸಾಕೆಟ್ಟು ನಮ್ಮಲ್ಲಿರಲಿಲ್ಲ, ಪೇಟೆಯಲ್ಲೂ ಸಿಗಲಿಲ್ಲ. ಮೇಸ್ತ್ರಿ ಒಂದಿಡೀ ದಿನ ಕೂತು ದಪ್ಪ ಪೈಪಿನ ತುಂಡಿಗೆ ಆರು ಮೂಲೆ ವೆಲ್ಡ್ ಮಾಡಿ ಸಾಕೆಟ್ಟು ಮಾಡಿದ. ಮೊದಲನೆಯದು ಬಾಯಿಬಿಟ್ಟಿತು. ಎರಡನೆಯದಕ್ಕೆ ಎರಡಾಳುದ್ದದ ಪೈಪು ಸಿಕ್ಕಿಸಿ ಇಬ್ಬರೂ ನೇತಾಡಿದ ಮೇಲೆ ನಟ್ಟು ಕಿರುಗುಟ್ಟಿ ಬಿಟ್ಟಿತು.

ಉಳಿದದ್ದು ತಟ್ಟೆ ಜೋಡಿಸಿದ ಹಾಗೆ. ಕಬ್ಬಿಣದ ಹಲಗೆ, ರೋಟರಿನ ಕೋಣೆ, ಮತ್ತೆ ಹಲಗೆ, ಇನ್ನೊಂದು ಕೋಣೆ, ಕೊನೆಗೊಂದು ಹಲಗೆ. ಎಲ್ಲವನ್ನೂ ತೂರಿಕೊಂಡು ಹೋಗುವ ಉದ್ದನೆಯ ಬೋಲ್ಟುಗಳನ್ನು ಒಮ್ಮೆಗೇ ಸಡಿಲಿಸದೆ, ಸುತ್ತು ಹಾಕಿಕೊಂಡು ಸ್ವಲ್ಪ ಸ್ವಲ್ಪವೇ ಬಿಡಬೇಕು, ಇಲ್ಲವಾದರೆ ಹಲಗೆ ಸೊಟ್ಟಗಾಗುತ್ತದೆ. ಹಿಂದಿನ ಕೋಣೆ ಎತ್ತಿದಾಗ ಕಣ್ಣಿಗೆ ಬಿದ್ದದ್ದು ಉದ್ದುದ್ದ ಗೀರುಗಳು. ಕನ್ನಡಿಯಂತಿರಬೇಕಾದ ಕ್ರೋಮಿನ ಗೋಡೆ ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಒಂದು ಮೂಲೆ ಸೀಲಿನ ತುದಿ ಮುರಿದಿತ್ತು. ಉಳಿದವನ್ನು ಮೈಕ್ರೋಮೀಟರಿನಲ್ಲಿ ಹಿಡಿದರೆ ನಡುವೆ ಒಂದಳತೆ, ತುದಿಯಲ್ಲಿ ಒಂದಳತೆ. ಮುಂದಿನ ಕೋಣೆಯೂ ಅದೇ ದಾರಿ ಹಿಡಿದಿತ್ತು.

ಇಳಿಸಿಟ್ಟಿದ್ದ ಆಯಿಲನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದೆ, ಮೂಸಿದೆ. ಒಳ್ಳೆಯ ಆಯಿಲು. ಅಳತೆಗೂ ಸರಿಯಾಗಿತ್ತು. ಬೇರಿಂಗುಗಳು ಹೊಸದರ ಹಾಗಿದ್ದವು. ಅಂದರೆ ಎಂಜಿನ್ನಿಗೆ ಆಯಿಲ್ ಇತ್ತು, ಮೂಲೆ ಸೀಲಿಗೆ ಮಾತ್ರ ಇರಲಿಲ್ಲ. ತಿರುಗಿ ನೋಡಿದರೆ ಪಂಪಿನ ಬಾಯಲ್ಲಿ ನನ್ನ ನಾಲ್ಕು ಹಿತ್ತಾಳೆ ಡಮ್ಮಿಗಳು ಹೊಳೆಯುತ್ತಿದ್ದವು. ಆ ನಾಲ್ಕು ಪೈಪು ರೋಗವಾಗಿರಲಿಲ್ಲ. ಸೀಲು ಸವೆಯದಿರಲೆಂದು ಆ ಎಂಜಿನ್ ಮಾಡಿದವರೇ ತೊಟ್ಟು ತೊಟ್ಟು ಆಯಿಲ್ ಕೋಣೆಗೆ ಬಿಟ್ಟು, ಉರಿದುಹೋಗಲಿ ಎಂದೇ ಇಟ್ಟಿದ್ದ ವ್ಯವಸ್ಥೆ ಅದು. ನಮ್ಮ ಹಳೇ ಟೂ ಸ್ಟ್ರೋಕ್ ಬೈಕುಗಳಿಗೆ ಪೆಟ್ರೋಲಿಗೆ ಆಯಿಲ್ ಬೆರೆಸುತ್ತಿರಲಿಲ್ಲವೇ, ಅದೇ ಲೆಕ್ಕ. ಅದು ನನ್ನ ತಲೆಗೆ ಹೊಳೆಯಲಿಲ್ಲ. ಡ್ರೈವರ್ ಬಾಯಿಬಿಟ್ಟು ಹೇಳಿದ್ದರೂ ಹೊಳೆಯಲಿಲ್ಲ. ಹಾಳು ಅಹಂಕಾರ.

ಮೇಸ್ತ್ರಿಯೂ ನೋಡಿದ್ದ. ಸ್ಪ್ಯಾನರ್ ತಂದು ನಾಲ್ಕನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡ.

"ಪಾರ್ಟಿ ಮುಂದೆ ಕೆಲಸದ ತಪ್ಪು ಮಾತಾಡಬಾರದು ಅಕ್ಕ. ನಿಮ್ಮಪ್ಪೋರ ಕಾಲದಿಂದ ನಾವು ಮಾತಾಡಿಲ್ಲ" ಎಂದ. ನಮ್ಮ ಕಸುಬಿನಲ್ಲಿ ಗಿರಾಕಿಗೆ ಪಾರ್ಟಿ ಅನ್ನುವುದು ವಾಡಿಕೆ. ಅವನ ಮಾತೂ ಸುಳ್ಳಲ್ಲ. ಪಕ್ಕದ ಶೆಡ್ಡಿನವನ ತಪ್ಪನ್ನು ನಾವು ಎತ್ತಿ ಆಡುವುದಿಲ್ಲ, ನಮ್ಮದನ್ನು ಅವನು ಆಡುವುದಿಲ್ಲ, ಸದ್ದಿಲ್ಲದೆ ಸರಿಮಾಡಿ ಕಳಿಸುತ್ತೇವೆ.

"ಆ ಡ್ರೈವರ್?" ಎಂದೆ.

"ಡ್ರೈವರ್‌ಗಳಿಗೆ ಇದೆಲ್ಲ ಇದ್ದದ್ದೇ."

ಮಾರನೇ ದಿನ ಬೆಳಿಗ್ಗೆ ಮಾಲೀಕ ತನ್ನ ಇನ್ನೊಂದು ಕಾರಿನಲ್ಲಿ ಬಂದು ರಿಪೋರ್ಟು ಕೇಳಿದ. ನಾನು ಲೆಟರ್‌ಹೆಡ್ ತೆಗೆದು ಬರೆದೆ: "ಎಂಜಿನ್ ಬಿಚ್ಚಿ ಪರಿಶೀಲಿಸಲಾಗಿದೆ. ಆಯಿಲ್ ಕೊರತೆಯಿಂದ ಸೀಲುಗಳು ಸವೆದಿರುತ್ತವೆ." ಒಂದಕ್ಷರ ಸುಳ್ಳಿಲ್ಲ. ಸಹಿ ಹಾಕಿ ಸೀಲು ಒತ್ತಿದೆ. ಇವನ ಮುಂದೆ ತಪ್ಪು ಒಪ್ಪಿಕೊಂಡರೆ "ಹೆಂಗಸಿನ ಕೈಗೆ ಕೊಟ್ಟೆನಲ್ಲ" ಅನ್ನುತ್ತಾನೆ, ಆ ಮಾತು ಹೆಬ್ಬಾಳದ ಅಷ್ಟೂ ಶೆಡ್ಡು ಸುತ್ತಿ ಬರುತ್ತದೆ ಅನ್ನುವುದು ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಮಾಲೀಕ ಕಾಗದ ಓದಿ, "ಆಯಿಲ್ ಕೊರತೆ. ಇಷ್ಟು ಸಾಕು" ಎಂದು ಮಡಚಿಕೊಂಡು ಹೋದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಬರೆ ಕಾಸಿ ಕೊಟ್ಟವಳು ನಾನು. ವಾರದೊಳಗೆ ಮಾಲೀಕ ಠಾಣೆಗೆ ಪೆಟಿಷನ್ ಕೊಟ್ಟು, ಡ್ರೈವರ್ ಫೋಟೋವನ್ನು ಗೋಕುಲಂನ ವಾಟ್ಸಾಪ್ ಗುಂಪಿಗೆ ಹಾಕಿ, "ಈತನನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳಬೇಡಿ, ಕಳ್ಳ" ಎಂದು ಬರೆದ. ವಿಚಾರಣೆಗೆ ಕರೆದಾಗ ಡ್ರೈವರ್ ಠಾಣೆಯ ಬೆಂಚಿನ ಮೇಲೆ ಒಂದಿಡೀ ದಿನ ಕೂತಿದ್ದರಂತೆ. ಇದೆಲ್ಲ ನನಗೆ ಅವರೇ ಬಂದು ಹೇಳಿದ್ದು.

ಬಂದದ್ದು ಜಗಳಕ್ಕೆ. ಶೆಡ್ಡಿನ ಬಾಗಿಲಲ್ಲೇ ನಿಂತರು.

"ಆಯಿಲ್ ಕೊರತೆ ಅಂತ ಬರ್ದಿದ್ದೀರಿ. ಕೊರತೆ ಮಾಡಿದ್ದು ನಾನಾ? ಮೂವತ್ತು ವರ್ಸ ಗಾಡಿ ಓಡ್ಸಿವ್ನಿ, ಒಬ್ರು ಬೆರಳು ಮಾಡಿ ತೋರ್ಸಿಲ್ಲ. ವಿಜಯನಗರದಾಗೆ ಒಂದ್ ಕೆಲ್ಸ ಸಿಕ್ಕಿತ್ತು, ಫೋಟೋ ನೋಡ್ಬುಟ್ಟು ಬ್ಯಾಡ ಅಂದ್ಬುಟ್ರು. ಇನ್ನೊಂದ್ ಸಲ ನೋಡಿ. ಸರ್ಯಾಗಿ ನೋಡಿ. ನಿಮ್ಗೂ ಒಂದ್ ಅನ್ನದ ದಾರಿ ಅದೆಯಲ್ಲ, ನಂದು ಕಿತ್ಕೊಂಡು ನಿಮ್ಗೇನಾಗ್ಬೇಕು?"

ನನಗೂ ಸಿಟ್ಟು ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬರೆದದ್ದರಲ್ಲಿ ತಪ್ಪೇನಿದೆ ಎಂದು ನಾಲ್ಕು ಮಾತು ಜೋರಾಗಿಯೇ ಅಂದೆ. ಅವರು ಹೋಗಲಿಲ್ಲ. ಬೆಂಚಿನ ಮೇಲೆ ಬಿಡಿಸಿಟ್ಟಿದ್ದ ರೋಟರ್ ಹತ್ತಿರ ಹೋಗಿ, ಮುರಿದ ಸೀಲನ್ನು ಬೆರಳಿನಲ್ಲಿ ಮುಟ್ಟಿ, "ಇದಕ್ಕೆ ಆಯಿಲ್ ಎಲ್ಲಿಂದ ಬತ್ತದೆ ಅಮ್ಮಾವ್ರೆ?" ಎಂದು ಕೇಳಿದರು. ತಿಳಿದುಕೊಳ್ಳಬೇಕೆಂದು ಕೇಳಿದ ಪ್ರಶ್ನೆ ಅದು, ಅದರಲ್ಲಿ ಕೊಂಕಿರಲಿಲ್ಲ. ನಾನು ಮೊದಲ ದಿನ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ.

ಮೇಸ್ತ್ರಿ ಲೇತ್ ಆಫ್ ಮಾಡಿ ನನ್ನ ಮುಖ ನೋಡಿದ. ಬೇಡ ಎಂದು ತಲೆಯಾಡಿಸಿದ.

"ಆ ಪೈಪಿಂದ ಬರುತ್ತೆ" ಎಂದೆ. "ಅದಕ್ಕೆ ಡಮ್ಮಿ ಹಾಕಿದ್ದು ನಾನು. ನಿಮ್ಮ ತಪ್ಪಲ್ಲ. ನಂದು."

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತು, ಮುಖ ಒರೆಸಿಕೊಂಡರು. "ಈಗ ಗೊತ್ತಾಯ್ತಲ್ಲ, ಬುಡಿ. ತಪ್ಪು ಯಾರ ಕೈಲಾರೂ ಆಯ್ತದೆ. ಠಾಣೇಗೆ ಬಂದು ಏಳ್ತೀರಾ?" ಎಂದರು. ಈಗ ಗೊತ್ತಾದದ್ದಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅವರ ಸಿಟ್ಟು ಇಳಿದದ್ದು ನನಗೆ ಅಷ್ಟು ಹಿತವಾಗಿತ್ತು.

ಮೇಸ್ತ್ರಿಯ ಜೇಬಿನಿಂದ ಡಮ್ಮಿಗಳನ್ನು ಇಸಿದುಕೊಳ್ಳಲು ಎರಡು ಸಲ ಗದರಬೇಕಾಯಿತು. "ಶೆಡ್ಡಿಗೆ ಬೀಗ ಹಾಕಿಸ್ತೀರಿ ನೀವು" ಎಂದು ಬೆಂಚಿನ ಮೇಲೆ ಎಸೆದ. ಹೊಸ ಕಾಗದ ಬರೆದೆ. ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಏನು ಕೆಲಸ ಮಾಡುತ್ತದೆ, ಅದನ್ನು ಮುಚ್ಚಿದ್ದು ಯಾರು, ಮುಚ್ಚಿದ್ದರಿಂದ ಏನಾಯಿತು ಎಲ್ಲವನ್ನೂ ಬರೆದು, ಡ್ರೈವರನ್ನು ನನ್ನ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಹೊರಟೆ. ಜಯಲಕ್ಷ್ಮಿಪುರಂ ದಾಟುವ ತನಕ ಅವರು ಮಗಳ ಮನೆ ವಿಷಯ, ಮೊಮ್ಮಗಳ ಸ್ಕೂಲ್ ವಿಷಯ ಹೇಳುತ್ತಾ ಬಂದರು. ನಾನು ಹ್ಞೂಂಗುಟ್ಟುತ್ತಿದ್ದೆ.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಫೋನ್ ಮಾಡಿ ಮಾಲೀಕನನ್ನೂ ಕರೆಸಿದರು. ಮೇಜಿನ ಮೇಲೆ ನಾಲ್ಕು ಡಮ್ಮಿ ಇಟ್ಟು, ಹೊಸ ಕಾಗದ ಕೊಟ್ಟು, ನಡೆದದ್ದನ್ನು ಹೇಳಿದೆ. ಮಾಲೀಕ ನಾನು ಅಂದುಕೊಂಡಿದ್ದ ಮಾತನ್ನೇ ಅಂದ, "ಹೆಂಗಸಿನ ಕೈಗೆ ಎಂಜಿನ್ ಕೊಟ್ಟಿದ್ದು ನಂದೇ ತಪ್ಪು." ಆಮೇಲೆ ಇನ್ನೂ ಒಂದು ಸೇರಿಸಿದ, "ಇಬ್ಬರೂ ಸೇರ್ಕೊಂಡು ನಾಟಕ ಆಡ್ತಿದ್ದಾರೆ ಸಾರ್. ಮೊದಲು ಒಂದು ಬರೀತಾಳೆ, ಈಗ ಒಂದು ಬರೀತಾಳೆ."

ಅದೇನೋ ಹೆಡ್ ಕಾನ್‌ಸ್ಟೇಬಲ್‌ಗೆ ನ್ಯಾಯ ಅನ್ನಿಸಿತು. ಎರಡೂ ಕಾಗದ ಪಕ್ಕಪಕ್ಕ ಇಟ್ಟುಕೊಂಡು, "ಮೊದಲನೇದರಲ್ಲಿ ಡಮ್ಮಿ ವಿಷಯ ಯಾಕೆ ಬರೀಲಿಲ್ಲ ಅಮ್ಮ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಡ್ರೈವರ್ ಎದ್ದು ನಿಂತರು. "ಅವ್ರಿಗೆ ಆಗ ಗೊತ್ತಿರ್ಲಿಲ್ಲ ಸಾರ್. ಇವತ್ತು ನಾನು ಶೆಡ್ಡಿಗೆ ಓದ್ಮ್ಯಾಲೆ ನೋಡಿ ಗೊತ್ತಾಗಿದ್ದು. ಗೊತ್ತಾದ್ ತಕ್ಷಣ ಬಂದವ್ರೆ. ದೊಡ್ ಮನ್ಸು ಸಾರ್ ಅವ್ರ್ದು."

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಮಾಲೀಕನಿಗೂ ಮರುಮಾತು ಇರುತ್ತಿರಲಿಲ್ಲ. ಆ 'ದೊಡ್ಡ ಮನಸ್ಸು' ಅನ್ನುವ ಮಾತೊಂದು ಬರದಿದ್ದರೆ ಹೌದು ಅಂದೇ ಬಿಡುತ್ತಿದ್ದೆನೋ ಏನೋ.

"ಗೊತ್ತಿತ್ತು ಸಾರ್" ಎಂದೆ. "ಬಿಚ್ಚಿದ ದಿನವೇ ನೋಡಿದೆ. ಮೊದಲನೇ ಕಾಗದ ಬರೆದದ್ದು ಮಾರನೇ ದಿನ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಮಾಲೀಕ ಏನೋ ಜೋರಾಗಿ ಶುರುಮಾಡಿದ, ಅವನನ್ನು ಸುಮ್ಮನಿರಿಸಿದರು. ನನ್ನ ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಡ್ರೈವರ್ ಮೇಲಿನ ಪೆಟಿಷನ್ ಅಲ್ಲೇ ಮುಗಿಸಿ, ಫೋಟೋ ತೆಗೆಯಬೇಕು, ಕಳ್ಳ ಅಂದದ್ದು ತಪ್ಪು ಎಂದು ಅದೇ ಗುಂಪಿಗೆ ಬರೆಯಬೇಕು ಎಂದು ಮಾಲೀಕನಿಗೆ ಹೇಳಿ, ಅವನು ಬರೆಯುವ ತನಕ ಎದುರಿಗೇ ಕೂರಿಸಿಕೊಂಡರು. ಎಂಜಿನ್ ವಿಷಯ ನೀವು ನೀವು ನೋಡಿಕೊಳ್ಳಿ ಎಂದರು. ಇಷ್ಟೂ ಹೊತ್ತು ಡ್ರೈವರ್ ಗೋಡೆ ಕಡೆ ತಿರುಗಿ ಕೂತಿದ್ದರು.

ಹೊರಗೆ ಬಂದಾಗ ಅವರು ಆಗಲೇ ಗೇಟಿನ ಹತ್ತಿರ ಇದ್ದರು. ಸ್ಕೂಟರ್ ತಂದು ಪಕ್ಕಕ್ಕೆ ನಿಲ್ಲಿಸಿ, "ಹತ್ತಿ, ಮನೆ ತನಕ ಬಿಡ್ತೀನಿ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. "ಆ ಮೊದಲ್ನೇ ಕಾಗ್ದ ನೀವು ಬರ್ಯೋ ಒತ್ತಿನಾಗೆ ನಾನು ನಿಮ್ ಶೆಡ್ಡಿನ ಒರ್ಗಡೆನೇ ಇದ್ದೆ. ಅವ್ರ ಕಾರ್ ಓಡ್ಸ್ಕೊಂಡು ಬಂದಿದ್ದು ನಾನೇಯ. ನೀವು ಆಚೆ ಬಂದು ಟೀ ಕೊಟ್ರಿ."

ಕೊಟ್ಟದ್ದು ನಿಜ. ಕಾಗದಕ್ಕೆ ಸೀಲು ಒತ್ತಿದ ಮೇಲೆ, ನನ್ನ ಕೈಯಾರೆ, ಎರಡು ಚಮಚ ಸಕ್ಕರೆ ಹಾಕಿ ಕೊಟ್ಟಿದ್ದೆ.

"ಹೌದು" ಎಂದೆ.

ಅವರು ರಸ್ತೆ ದಾಟಿ ಬಸ್ ಸ್ಟಾಪಿನ ಕಡೆಗೆ ನಡೆದರು.